ವಾರ್ಡಿನ ರೇಡಿಯೋ: ಮಾರ್ಚಿನಿಂದ ಕಕ್ಕಡದವರೆಗೆ

ಮಾರ್ಚ್

ಒಪ್ಪಿಗೆ ಸಿಕ್ಕಿತು. ದಕ್ಷಿಣ ಕೊಡಗಿನ ನಮ್ಮ ಊರಿನ ಆಸ್ಪತ್ರೆಯಲ್ಲಿ ಇನ್ನು ಒಂದು ಪುಟ್ಟ ರೇಡಿಯೋ ಇರುತ್ತದೆ. ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ. ಡಾಕ್ಟರ್ ಎರಡು ಷರತ್ತು ಹಾಕಿದ್ದಾರೆ. ಆರೋಗ್ಯದ ಬಗ್ಗೆ ಏನೇ ಹೇಳುವುದಿದ್ದರೂ ಮೊದಲು ಬರೆದು ಅವರಿಗೆ ತೋರಿಸಬೇಕು. ರೌಂಡ್ಸ್ ಹೊತ್ತಿನಲ್ಲಿ ಸದ್ದು ಇರಬಾರದು. ಎರಡೂ ಸರಿಯಾದ ಮಾತೇ.

ರೇಡಿಯೋ ಅಂದರೂ ಇದು ಗಾಳಿಯಲ್ಲಿ ಹೋಗುವುದಿಲ್ಲ. ಎಫ್‌ಎಂನಲ್ಲಿ ಬಿಡಬೇಕಾದರೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕು. ಸಮುದಾಯ ರೇಡಿಯೋಗೆ 2006ರಿಂದ ಸಂಘಸಂಸ್ಥೆಗಳೂ ಅರ್ಜಿ ಹಾಕಬಹುದು. ಆದರೆ ನಮಗೆ ಊರಿಗೆಲ್ಲ ಕೇಳಿಸುವುದು ಬೇಕಿಲ್ಲ, ವಾರ್ಡುಗಳಿಗೆ ಕೇಳಿಸಿದರೆ ಸಾಕು. ಅದಕ್ಕೆ ವೈರ್ ದಾರಿ ಹಿಡಿದೆವು. ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ 'ನಮ್ಮ ಧ್ವನಿ' 2003ರಲ್ಲಿ ಹೀಗೇ ಕೇಬಲ್ ಮೂಲಕ ಮನೆಗಳಿಗೆ ಕಾರ್ಯಕ್ರಮ ತಲುಪಿಸಿತ್ತು. ಇಂಗ್ಲೆಂಡಿನ ಯಾರ್ಕ್ ಊರಿನ ಆಸ್ಪತ್ರೆಯಲ್ಲಿ 1925ರಲ್ಲೇ ಇಂಥದೊಂದು ವ್ಯವಸ್ಥೆ ಇತ್ತು. ಆ ದೇಶದಲ್ಲಿ ಇವತ್ತಿಗೂ ಸ್ವಯಂಸೇವಕರೇ ಆಸ್ಪತ್ರೆ ರೇಡಿಯೋ ನಡೆಸುತ್ತಾರೆ. ಹಾಸಿಗೆ ಹಾಸಿಗೆಗೆ ಹೋಗಿ ಯಾವ ಹಾಡು ಬೇಕು ಅಂತ ಕೇಳಿ ಬರೆದುಕೊಂಡು ಬಂದು ಹಾಕುತ್ತಾರೆ. ಆ ಪದ್ಧತಿ ನನಗೆ ತುಂಬ ಹಿಡಿಸಿತು.

ನಮ್ಮ ತಂಡದಲ್ಲಿ ಒಬ್ಬರು ರಿಟೈರ್ಡ್ ಮೇಷ್ಟ್ರು, ಒಬ್ಬರು ಕಾಫಿ ತೋಟದ ರೈಟರ್ (ತೋಟದ ಲೆಕ್ಕ ಬರೆಯುವವರು), ಒಬ್ಬರು ಆಶಾ ಅಕ್ಕ ಮತ್ತು ನಾಲ್ಕೈದು ಕಾಲೇಜು ಮಕ್ಕಳು ಇದ್ದಾರೆ. ನಾನು ಮದುವೆ ಮನೆಗಳಿಗೆ ಸೌಂಡ್ ಸಿಸ್ಟಂ ಹಾಕುವವನು. ಆದ್ದರಿಂದ ವೈರ್ ಕೆಲಸ ನನ್ನದು.

ಏಪ್ರಿಲ್

ಮದುವೆ ಮನೆಯಲ್ಲಿ ಸದ್ದು ಎಷ್ಟು ಜಾಸ್ತಿ ಆದರೂ ಯಾರೂ ಬೇಡ ಅನ್ನುವುದಿಲ್ಲ. ಇಲ್ಲಿ ಸದ್ದು ಕಡಿಮೆ ಮಾಡುವುದೇ ಕೆಲಸ. ಆಸ್ಪತ್ರೆಯ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಅಲ್ವಾ. 2000ದ ಶಬ್ದಮಾಲಿನ್ಯ ನಿಯಮದಂತೆ ಅಲ್ಲಿ ಹಗಲು 50, ರಾತ್ರಿ 40 ಡೆಸಿಬೆಲ್ ಮಿತಿ. ವಾರ್ಡಿನ ಒಳಗೆ ರಾತ್ರಿ 30 ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಹಾಗಾಗಿ ಕತ್ತಲಾದ ಮೇಲೆ ನಮ್ಮ ರೇಡಿಯೋ ಇಲ್ಲ. ಐಸಿಯು, ಹೆರಿಗೆ ವಾರ್ಡಿಗೆ ವೈರ್ ಎಳೆಯಲೇ ಇಲ್ಲ.

ಕೆಲಸ ತಿಳಿದವರಿಗಾಗಿ ಇಷ್ಟು ಬರೆದಿಡುತ್ತೇನೆ. ಸಾಮಾನ್ಯ ಸ್ಪೀಕರಿಗೆ ಉದ್ದ ವೈರ್ ಎಳೆದರೆ ಪವರ್ ಎಲ್ಲ ದಾರಿಯಲ್ಲೇ ಕಳೆದುಹೋಗುತ್ತದೆ. ಅದಕ್ಕೆ ಶಾಲೆ, ರೈಲ್ವೆ ಸ್ಟೇಷನ್‌ಗಳಲ್ಲಿ ಹಾಕುವ 100 ವೋಲ್ಟ್ ಲೈನ್ ಹಾಕಿದ್ದೇವೆ. ಆಂಪ್ಲಿಫಯರ್ ವೋಲ್ಟೇಜ್ ಏರಿಸಿ ಕಳಿಸುತ್ತದೆ. ಕರೆಂಟ್ ಕಡಿಮೆ ಹರಿಯುತ್ತದೆ, ನಷ್ಟವೂ ಕಡಿಮೆ. ಪ್ರತಿ ಸ್ಪೀಕರ್ ಒಳಗಿನ ಸಣ್ಣ ಟ್ರಾನ್ಸ್‌ಫಾರ್ಮರ್ ಅದನ್ನು ಮತ್ತೆ ಇಳಿಸುತ್ತದೆ. ಎಷ್ಟು ವಾಟ್ ಬೇಕೋ ಟ್ರಾನ್ಸ್‌ಫಾರ್ಮರಿನ ಆ ಟ್ಯಾಪಿಗೆ (ವೈರ್ ಜೋಡಿಸುವ ಜಾಗಕ್ಕೆ) ವೈರ್ ಕೊಡಬೇಕು. ನಾವು ಎಲ್ಲ ಕಡೆ ಅತಿ ಕಡಿಮೆ ಟ್ಯಾಪನ್ನೇ ಆರಿಸಿದೆವು. ಪ್ರತಿ ವಾರ್ಡಿನ ಸಿಸ್ಟರ್ ಟೇಬಲ್ ಪಕ್ಕ ಒಂದು ವಾಲ್ಯೂಮ್ ಗುಂಡಿ ಇದೆ. ಅದು ಪೂರ್ತಿ ಸಿಸ್ಟರ್ ಕೈಯಲ್ಲಿ. ಅವರು ಆಫ್ ಮಾಡಿದರೆ ನಾವು ಯಾಕೆ ಅಂತ ಕೇಳುವುದಿಲ್ಲ.

ಮೇ

ಪ್ರಸಾರ ಶುರುವಾಗಿದೆ. ಸಂಜೆ ಹೊತ್ತು ವಾರ್ಡಿನಲ್ಲಿ ಸುಮ್ನೆ ನಿಂತು ನೋಡಿದೆ. ಪೇಷೆಂಟ್‌ಗಳಲ್ಲಿ ಅರ್ಧ ಜನ ನಿದ್ದೆಯಲ್ಲಿರುತ್ತಾರೆ, ಇಲ್ಲವೇ ನೋವಿನಲ್ಲಿರುತ್ತಾರೆ. ನಿಜವಾಗಿ ಕಿವಿ ಕೊಟ್ಟು ಕೇಳುವವರು ಅವರ ಜೊತೆಗೆ ಬಂದವರು. ಹೆಂಡತಿ, ಅಣ್ಣ, ಸೊಸೆ, ಪಕ್ಕದ ಲೈನ್ ಮನೆಯವರು (ತೋಟದ ಕೆಲಸದವರ ಸಾಲು ಮನೆ). ಅವರಿಗೆ ಇಡೀ ದಿನ ಕೂರುವುದೇ ಕೆಲಸ. ನಾಳೆ ಲೈನ್ ಮನೆಗೋ ಆದಿವಾಸಿಗಳ ಹಾಡಿಗೋ ಗದ್ದೆಗೋ ವಾಪಸ್ ಹೋಗುವವರೂ ಅವರೇ. ಹೇಳಬೇಕಾದ್ದನ್ನು ಅವರಿಗೆ ಹೇಳಬೇಕು. ಇದು ತಂಡದಲ್ಲಿ ಎಲ್ಲರಿಗೂ ಒಪ್ಪಿಗೆಯಾಯಿತು. ಅಂದಿನಿಂದ 'ಪೇಷೆಂಟ್‌ಗಳಿಗೆ ಸಲಹೆ' ಅನ್ನುವ ಹೆಸರು ತೆಗೆದು 'ಜೊತೆಗಿದ್ದವರಿಗೆ' ಅಂತ ಇಟ್ಟೆವು. ಈ ರೇಡಿಯೋದ ತಿರುಳೇ ಈಗ ಇದು.

ಮಡಿಕೇರಿ ಆಕಾಶವಾಣಿಯ 103.1 ಕೇಳಿ ಬೆಳೆದವರಿಗೆ ರೇಡಿಯೋದಲ್ಲಿ ತಮ್ಮ ಮಾತು ಕೇಳುವುದು ಹೊಸದಲ್ಲ. ಆದ್ದರಿಂದ ನಾವೂ ಕನ್ನಡದ ಜೊತೆ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ಯರವ ಭಾಷೆಯಲ್ಲಿ ಚಿಕ್ಕ ಚಿಕ್ಕ ತುಣುಕು ಮಾಡುತ್ತಿದ್ದೇವೆ. ಮೂರು ನಿಮಿಷಕ್ಕಿಂತ ಜಾಸ್ತಿ ಇಲ್ಲ.

ಜೂನ್

ಈ ತಿಂಗಳೆಲ್ಲ ಹಾವು ಕಡಿತದ ಕಾರ್ಯಕ್ರಮಕ್ಕೇ ಹೋಯಿತು. ಹೋಗಲಿ, ಇದಕ್ಕಿಂತ ಮುಖ್ಯವಾದದ್ದು ನಮ್ಮ ಕಡೆ ಇನ್ನೇನಿದೆ? ತೋಟದಲ್ಲಿ ತರಗೆಲೆ ಒಳಗೆ ಕೈ ಹಾಕಿ ಕೆಲಸ ಮಾಡುವ ಜನ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಕೇಸನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕು ಅಂತ ಆದೇಶ ಮಾಡಿತು.

ಡಾಕ್ಟರ್ ಮಾತಿನ ಬದಲು ರೈಟರ್ ಮತ್ತು ಆಶಾ ಅಕ್ಕ ಮಾತಾಡಿಕೊಳ್ಳುವ ಹಾಗೆ ಬರೆದೆವು. ರೈಟರ್ ಕೇಳುತ್ತಾರೆ, "ಅಕ್ಕ, ಹಗ್ಗದಲ್ಲಿ ಬಿಗಿಯಾಗಿ ಕಟ್ಟಿದರೆ ವಿಷ ಏರಲ್ಲ ಅಲ್ವಾ?" ಅಕ್ಕ ಹೇಳುತ್ತಾರೆ, "ಕಟ್ಟಲೇಬಾರದು. ರಕ್ತದ ಓಡಾಟ ನಿಂತರೆ ಕೈಕಾಲು ಕೊಳೆಯುತ್ತೆ. ಬಿಚ್ಚಿದ ಕೂಡಲೇ ವಿಷ ಒಂದೇ ಸಲ ಮೈಗೆ ನುಗ್ಗುತ್ತೆ." ಕೊಯ್ಯಬಾರದು, ಬಾಯಲ್ಲಿ ಹೀರಬಾರದು. ಉಂಗುರ, ಬಳೆ, ಕಾಲ್ಗೆಜ್ಜೆ ತೆಗೆಯಬೇಕು. ಮೂಳೆ ಮುರಿದಾಗ ಮಾಡುವ ಹಾಗೆ ಕೋಲಿಟ್ಟು ಅಲ್ಲಾಡದಂತೆ ಮಾಡಬೇಕು. ನಡೆಸಬಾರದು, ಎತ್ತಿಕೊಂಡು ಬರಬೇಕು. 108ಕ್ಕೆ ಫೋನ್ ಮಾಡಬೇಕು. ಹಾವನ್ನು ಹಿಡಿದು ತರಲು ಹೊತ್ತು ಕಳೆಯಬಾರದು.

ಕಡಂಬಳ ಹಾವಿನ (ಇಂಗ್ಲಿಷಿನಲ್ಲಿ ಕ್ರೇಟ್) ವಿಷಯ ಬೇರೆಯಾಗಿಯೇ ಹೇಳಿಸಿದೆವು. ಅದು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಎಷ್ಟೋ ಸಲ ನೋವೂ ಇಲ್ಲ, ಗುರುತೂ ಕಾಣುವುದಿಲ್ಲ. ಬೆಳಗಿನ ಜಾವ ಹೊಟ್ಟೆನೋವು ಬರುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಗ್ಯಾಸ್ಟ್ರಿಕ್ ಅಂದುಕೊಂಡು ಕೂತರೆ ಜೀವ ಹೋಗುತ್ತದೆ. ಈ ಭಾಗ ಓದುವಾಗ ಆಶಾ ಅಕ್ಕನ ದನಿ ಗಟ್ಟಿಯಾಗುತ್ತದೆ. ಅದನ್ನು ಹಾಗೇ ಉಳಿಸಿಕೊಂಡೆ.

ಒಂದು ವಿಷಯಕ್ಕೆ ಡಾಕ್ಟರ್ ಜೊತೆ ತುಂಬ ಹೊತ್ತು ಚರ್ಚೆಯಾಯಿತು. ನಮ್ಮ ದೇಶದಲ್ಲಿ ಸಿಗುವ ವಿಷದ ಮದ್ದು ನಾಲ್ಕು ಹಾವುಗಳಿಗೆ ಮಾಡಿದ್ದು: ನಾಗರ, ಕಡಂಬಳ, ಕೊಳಕುಮಂಡಲ, ಗರಗಸಮಂಡಲ. ಕಾಫಿ ತೋಟದಲ್ಲಿ ಕಾಣುವ ಗುಳಿಮಂಡಲಗಳಿಗೆ ಆ ಮದ್ದು ಕೆಲಸ ಮಾಡುವುದಿಲ್ಲ. ಇದನ್ನು ಹೇಳಿದರೆ ಜನ ಆಸ್ಪತ್ರೆಗೇ ಬರದೆ ಇದ್ದರೆ? ಕೊನೆಗೆ ಹೇಳುವುದು ಅಂತಲೇ ನಿರ್ಧಾರವಾಯಿತು. ಜೊತೆಗೆ ಇದನ್ನೂ ಸೇರಿಸಿದೆವು: ಗುಳಿಮಂಡಲ ಕಚ್ಚಿದರೂ ರಕ್ತ ಹೆಪ್ಪುಗಟ್ಟದೆ ಹೋಗಬಹುದು, ಕಿಡ್ನಿಗೆ ಪೆಟ್ಟಾಗಬಹುದು, ಅದನ್ನು ನೋಡಿಕೊಳ್ಳಲು ಆಸ್ಪತ್ರೆಯೇ ಬೇಕು. ಜನರಿಂದ ನಿಜ ಮುಚ್ಚಿಟ್ಟು ನಂಬಿಕೆ ಗಳಿಸಲು ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಜುಲೈ

ಮಳೆ. ಶೀಟಿನ ಮೇಲೆ ಬೀಳುವ ಸದ್ದಿಗೆ ರೆಕಾರ್ಡಿಂಗ್ ಆಗುತ್ತಲೇ ಇಲ್ಲ. ಒಳಗಿನ ಸ್ಟೋರ್ ರೂಮಿಗೆ ಹೋಗಿ ಗೋಡೆಗೆ ಹಳೇ ಕಂಬಳಿ, ಹಾಸಿಗೆ ಒರಗಿಸಿ ಈಗ ಅಲ್ಲೇ ಮಾಡುತ್ತಿದ್ದೇವೆ. ಮೈಕುಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಇಡುತ್ತೇನೆ, ಇಲ್ಲವಾದರೆ ಬೂಷ್ಟು ಹಿಡಿಯುತ್ತದೆ. ಗುಡುಗು ಬಂದರೆ ಪ್ಲಗ್ ಎಳೆದುಬಿಡುವುದು.

ನಾಟಿ ಸಮಯ ಅಂತ ಇಲಿ ಜ್ವರದ ಬಗ್ಗೆ ಮಾಡಿದೆವು. ಇಲಿ ಮೂತ್ರ ಸೇರಿದ ಕೆಸರು ನೀರು, ಕಾಲಿನ ಸಣ್ಣ ಗಾಯ, ಇಷ್ಟು ಸಾಕು ಬರಲು. ಜ್ವರದ ಜೊತೆ ಮೀನಖಂಡ ವಿಪರೀತ ನೋವು, ಕಣ್ಣು ಕೆಂಪು ಆದರೆ ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ತಳ್ಳಬಾರದು. ಗದ್ದೆಗೆ ಇಳಿದಿದ್ದೆ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳಬೇಕು.

ಆಗಸ್ಟ್

ಕಕ್ಕಡ 18, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ತಿಂದ ಮರುದಿನ ಮೂತ್ರ ಕೆಂಪಾಗುವುದು ಇಲ್ಲಿಯವರಿಗೆ ಗೊತ್ತು. ಹೊರಗಿನಿಂದ ಬಂದವರು ಗಾಬರಿ ಬೀಳುತ್ತಾರೆ. ಅದಕ್ಕೆ ಅವತ್ತು ಬೆಳಿಗ್ಗೆಯೇ ಹೇಳಿದೆವು: ಇದು ಸೊಪ್ಪಿನ ಬಣ್ಣ, ಹೆದರಬೇಡಿ. ಆದರೆ ಸೊಪ್ಪು ತಿನ್ನದೆ ಕೆಂಪಾದರೆ, ಎರಡು ದಿನವಾದರೂ ಹೋಗದಿದ್ದರೆ, ಜೊತೆಗೆ ಜ್ವರವೋ ನೋವೋ ಇದ್ದರೆ ತೋರಿಸಿ. ಹಬ್ಬವನ್ನು ಬೈಯದೆ ಎಚ್ಚರವನ್ನೂ ಹೇಳಬಹುದು ಅನ್ನುವುದು ನನಗೆ ಬಹಳ ಖುಷಿ ಕೊಟ್ಟಿತು.

ಹಾಡಿನ ವಿಷಯ. ಸಿನಿಮಾ ಹಾಡನ್ನು ಹೀಗೆ ಸಾರ್ವಜನಿಕವಾಗಿ ಹಾಕಲು ಹಕ್ಕಿನ ಲೈಸೆನ್ಸ್ ಬೇಕು. ಸದ್ಯ ಅದು ಬೇಡ ಅಂತ ಜೊತೆಗಿದ್ದವರನ್ನೇ ಹಾಡಿಸುತ್ತಿದ್ದೇವೆ. ಕಾಲೇಜು ಹುಡುಗಿಯರು ಹಾಸಿಗೆ ಹತ್ತಿರ ಹೋಗಿ ಕೇಳುತ್ತಾರೆ, ಒಪ್ಪಿದವರದ್ದು ಮಾತ್ರ ರೆಕಾರ್ಡ್. ಹಾಡಿಯಿಂದ ಬಂದ ಒಬ್ಬರು ಅಜ್ಜಿ ನಾಟಿ ಹಾಡು ಶುರು ಮಾಡಿ ನಿಲ್ಲಿಸಲೇ ಇಲ್ಲ. ಪೂರ್ತಿ ಇಟ್ಟುಕೊಂಡಿದ್ದೇವೆ. ಪೇಷೆಂಟ್ ಹೆಸರು, ಕಾಯಿಲೆ ಯಾವುದನ್ನೂ ಪ್ರಸಾರದಲ್ಲಿ ಹೇಳುವುದಿಲ್ಲ.

ರಾತ್ರಿ ನಿದ್ದೆಯಿಲ್ಲದೆ ಕೂರುವವರಿಗಾಗಿ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ದಿನಾ ಸಂಜೆ ಹೇಳುತ್ತೇವೆ.

ಮುಂದಿನ ಕೆಲಸ ನವೆಂಬರಿನ ಕಾಫಿ ಕೊಯ್ಲಿಗೆ ಮೊದಲು ಮುಗಿಯಬೇಕು. ಆಗ ಲೈನ್ ಮನೆಗಳಿಗೆ ಅಸ್ಸಾಮಿನಿಂದ ಬರುವವರು ಜಾಸ್ತಿ. ಅವರಿಗೆ ಹಾವಿನ ತುಣುಕನ್ನು ಹಿಂದಿ ಮತ್ತು ಅಸ್ಸಾಮಿಯಲ್ಲಿ ಮಾಡಬೇಕು. ಎರಡು ವಾರಕ್ಕಿಂತ ಜಾಸ್ತಿ ಕೆಮ್ಮಿದ್ದರೆ ಕಫ ಪರೀಕ್ಷೆ ಮಾಡಿಸಿ ಅನ್ನುವುದನ್ನೂ ಸೇರಿಸಬೇಕು. ಹಿಂದಿಗೆ ಮೇಷ್ಟ್ರು ಇದ್ದಾರೆ. ಅಸ್ಸಾಮಿ ಓದುವವರು ಬೇಕು. ರೈಟರ್ ತಮ್ಮ ತೋಟದಲ್ಲಿ ಒಬ್ಬ ಹುಡುಗನನ್ನು ಕೇಳಿದ್ದಾರೆ, ಭಾನುವಾರ ಬಂದು ಮೈಕ್ ಮುಂದೆ ಕೂತು ನೋಡುತ್ತೇನೆ ಅಂದಿದ್ದಾನಂತೆ.