ಶೋಪಾನ್‌ನ 13 ಬಾರ್‌ಗಳಿಗೆ ಕನ್ನಡ ಪ್ರಾರ್ಥನೆ

ಪಿಯಾನೊ ಕೃತಿಯೊಂದನ್ನು ಕಾಯರ್‌ಗೆ (ಗಾಯಕವೃಂದಕ್ಕೆ) ಒಗ್ಗಿಸಲು ಹೊರಟಾಗ ಮನಸ್ಸು ಮೊದಲು ಹೋಗುವುದು ಟ್ಯೂನಿನ ಕಡೆಗೆ. ಕನ್ನಡದಲ್ಲಿ ಹಾಡಿಸುವುದಾದರೆ ಮೊದಲು ಲಯವನ್ನು ನೋಡಬೇಕು. ಮುಂಬಯಿಯ ನಮ್ಮ ಕನ್ನಡ ಕಾಯರ್‌ಗಳು ಕೈಹಾಕಲು ಪೋಲೆಂಡಿನ ಸಂಯೋಜಕ ಶೋಪಾನ್‌ನ ಓಪಸ್ (ಕೃತಿಸಂಖ್ಯೆ) 28ರ 20ನೇ ಪ್ರಿಲ್ಯೂಡ್ ಎಂಬ ಪುಟ್ಟ ಪಿಯಾನೊ ಕೃತಿ ಹೇಳಿ ಮಾಡಿಸಿದಂತಿದೆ. ಸಿ ಮೈನರ್, ಲಾರ್ಗೊ (ತೀರ ನಿಧಾನ), ಬರೀ 13 ಬಾರ್ (ಇಲ್ಲಿ ನಾಲ್ಕು ಎಣಿಕೆಯ ಆವರ್ತ). ನಿಮಿಷಕ್ಕೆ 40 ಕ್ರಾಚೆಟ್ (ಒಂದು ಎಣಿಕೆಯ ಸ್ವರ) ವೇಗದಲ್ಲಿ ಸುಮಾರು 78 ಸೆಕೆಂಡಿನಲ್ಲಿ ಮುಗಿಯುತ್ತದೆ. ಶುಭ ಶುಕ್ರವಾರದ ಎರಡು ಪಠಣಗಳ ನಡುವೆ ಚೆನ್ನಾಗಿ ಕೂರುತ್ತದೆ.

ಕೊನೆಯದನ್ನು ಬಿಟ್ಟರೆ ಪ್ರತಿ ಬಾರ್‌ನಲ್ಲೂ ಒಂದೇ ಲಯ: ಎರಡು ಕ್ರಾಚೆಟ್, ಚುಕ್ಕೆಯ ಕ್ವೇವರ್ (ಮುಕ್ಕಾಲು ಎಣಿಕೆ), ಸೆಮಿಕ್ವೇವರ್ (ಕಾಲು ಎಣಿಕೆ), ಮತ್ತೊಂದು ಕ್ರಾಚೆಟ್. ಐದು ಅಕ್ಷರಕ್ಕೆ ಜಾಗ, ನಾಲ್ಕನೆಯದು ಲಘುವಾಗಿರಲೇಬೇಕು. ‘ದೇವಾ ಪಾಲಿಸೋ’ ಸರಾಗವಾಗಿ ಕೂರುತ್ತದೆ. ‘ದೇವಾ ಕಾಪಾಡು’ ಕೂರುವುದಿಲ್ಲ, ‘ಪಾ’ ಸೆಮಿಕ್ವೇವರಿಗೆ ಸಿಕ್ಕಿ ‘ಪ’ ಆಗಿಬಿಡುತ್ತದೆ. ಬೈಬಲಿನ ಕೀರ್ತನೆ 130ರ ಭಾವ ಬೇಕಿದ್ದರೆ ‘ನಿನ್ನಾ ಕೂಗಿದೆ’, ‘ನಿನ್ನಾ ನಂಬಿದೆ’ ಎಂಬಂಥ ಸಾಲು ಹೆಣೆಯಬಹುದು. ವಚನದ ಸಾಲು ತಂದರೂ ಈ ಅಳತೆ ತಪ್ಪುವಂತಿಲ್ಲ. 5ರಿಂದ 8ರವರೆಗಿನ ಬಾರ್‌ಗಳೇ 9ರಿಂದ 12ರಲ್ಲಿ ಮರಳುವುದರಿಂದ ಎಂಟು ಸಾಲು ಸಾಕು.

ಪಿಯಾನೊದ ತುಂಬು ಕಾರ್ಡ್‌ಗಳನ್ನು (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳನ್ನು) ನಾಲ್ಕು ದನಿಗೆ ಇಳಿಸುವಾಗ ಮೊದಲು ಬಿಡಬೇಕಾದ್ದು ಆಕ್ಟೇವ್‌ನಲ್ಲಿ (ಮೇಲಿನ ಅಥವಾ ಕೆಳಗಿನ ಸ್ಥಾಯಿಯಲ್ಲಿ) ಮರುಕಳಿಸುವ ಸ್ವರಗಳನ್ನು. ಆಮೇಲೂ ಹೆಚ್ಚೆನಿಸಿದರೆ ಕಾರ್ಡ್‌ನ ಮೂಲಸ್ವರದಿಂದ ಐದನೆಯ ಸ್ವರ ಬಿಡಿ. ಮೂರನೆಯದು, ಏಳನೆಯದು ಉಳಿಯಬೇಕು. ಜಿ ಕಾರ್ಡ್‌ನಲ್ಲಿ ಬಿ ನ್ಯಾಚುರಲ್ (ಏರಿಸದ, ಇಳಿಸದ ಬಿ) ಅನ್ನು ಇಬ್ಬರಿಗೆ ಕೊಡಬೇಡಿ, ಅದು ಚುಚ್ಚುತ್ತದೆ. ಜೊತೆಗೆ ವಾದ್ಯಗಳಿದ್ದರೆ, ಎಡಗೈಯ ಆಕ್ಟೇವ್‌ಗಳಲ್ಲಿ ಮೇಲಿನದು ಚೆಲೋಗೆ, ಕೆಳಗಿನದು ಡಬಲ್ ಬೇಸ್‌ಗೆ. ನಾಲ್ಕು ತಂತಿಯ ಬೇಸ್ ಕೆಳಗಿನ ‘ಇ’ ದಾಟದು. ಅದಕ್ಕೂ ಕೆಳಗಿನ ಸ್ವರ ಬಂದರೆ ಒಂದು ಆಕ್ಟೇವ್ ಮೇಲೆ ಬರೆಯಿರಿ.

ಮೂರನೇ ಬಾರ್‌ನ ಕೊನೆಯ ಕಾರ್ಡ್‌ನಲ್ಲಿ ಒಂದು ಮುದ್ರಣದಲ್ಲಿ ಇ ನ್ಯಾಚುರಲ್, ಇನ್ನೊಂದರಲ್ಲಿ ಇ ಫ್ಲ್ಯಾಟ್ (ಅರ್ಧ ಸ್ವರ ಇಳಿಸಿದ ಇ) ಇರುತ್ತದೆ. ಧೋಬಿ ತಲಾವ್‌ನಲ್ಲಿ ಕೊಂಡ ಪುಸ್ತಕವನ್ನು ಒಬ್ಬರು, ಡೌನ್‌ಲೋಡ್ ಮಾಡಿದ ಪ್ರತಿಯನ್ನು ಇನ್ನೊಬ್ಬರು ನೋಡಿ ಪಾರ್ಟ್ (ಒಂದೊಂದು ದನಿಯ, ವಾದ್ಯದ ಸ್ವರಲಿಪಿ) ಬರೆದರೆ ಎರಡೂ ಒಟ್ಟಿಗೆ ಕೇಳಿಸುತ್ತವೆ. ನನಗೆ ಇ ಫ್ಲ್ಯಾಟೇ ಇಷ್ಟ, ಆ ಪ್ರಾರ್ಥನೆಗೆ ಅಲ್ಲಿ ಇ ನ್ಯಾಚುರಲ್‌ನ ಬೆಳಕು ಬೇಡ.

ಬಾಂದ್ರಾ, ಮಾಹೀಮ್ ಕಡೆ ಗೋವಾ ಮೂಲದ ವಯೊಲಿನ್ ವಾದಕರು ಸಿಗುತ್ತಾರೆ, ವಿಯೋಲಾ (ವಯೊಲಿನ್‌ಗಿಂತ ತಗ್ಗು ದನಿಯ ತಂತಿವಾದ್ಯ) ಸಿಗುವುದು ಕಷ್ಟ. ಆ ಪಾರ್ಟ್ ಅನ್ನು ಮೂರನೇ ವಯೊಲಿನ್‌ಗೆ ಕೊಡಬಹುದು, ಆದರೆ ವಯೊಲಿನ್‌ನ ಕೆಳಗಿನ ತಂತಿ ಜಿ. ಅದಕ್ಕಿಂತ ಇಳಿಯುವ ಸ್ವರ ಚೆಲೋಗೆ ಹೋಗಲಿ. ಸ್ವರವನ್ನು ಎಳೆದು ಹಿಡಿಯುವ ಪಿಯಾನೊ ಪೆಡಲ್‌ನ ಕೆಲಸವನ್ನು ಕ್ಲಾರಿನೆಟ್‌ನ ಉದ್ದ ಸ್ವರಗಳು ಮಾಡುತ್ತವೆ. ಬಿ ಫ್ಲ್ಯಾಟ್ ಕ್ಲಾರಿನೆಟ್ ಬರೆದದ್ದಕ್ಕಿಂತ ಒಂದು ಸ್ವರ ಕೆಳಗೆ ನುಡಿಯುವುದರಿಂದ ಅದರ ಪಾರ್ಟ್ ಡಿ ಮೈನರ್‌ನಲ್ಲಿರಬೇಕು.

5ನೇ ಬಾರ್‌ನಿಂದ ಬೇಸ್ (ಎಲ್ಲಕ್ಕಿಂತ ಕೆಳಗಿನ ದನಿ) ಸಿಯಿಂದ ಜಿವರೆಗೆ ಅರ್ಧರ್ಧ ಸ್ವರ ಇಳಿಯುತ್ತದೆ. ಶ್ರುತಿ ಕೆಡುವುದು ಹೆಚ್ಚಾಗಿ ಇಲ್ಲೇ. ಹಾಡುವವರು ಪ್ರತಿ ಮೆಟ್ಟಿಲನ್ನೂ ಕೊಂಚ ದೊಡ್ಡದು ಮಾಡುತ್ತಾರೆ, ಆರು ಸ್ವರ ಮುಗಿಯುವಷ್ಟರಲ್ಲಿ ಇಡೀ ಕಾಯರ್ ಕುಸಿದಿರುತ್ತದೆ. ಈ ಆರು ಸ್ವರಗಳನ್ನು ಚೆಲೋ ಜೊತೆ ಮಾತಿಲ್ಲದೆ, ಕೆಳಗಿನಿಂದ ಮೇಲಕ್ಕೂ ಹಾಡಿಸಿ. ಉಸಿರು ಎರಡು ಬಾರ್‌ಗೊಮ್ಮೆ ಸಾಕು. ಪಕ್ಕದವರು ತೆಗೆದುಕೊಳ್ಳುವಾಗ ನೀವು ತೆಗೆದುಕೊಳ್ಳಬೇಡಿ ಎಂದು ಮೊದಲೇ ಹೇಳಿಡಿ.

9ನೇ ಬಾರ್‌ನ ಪಿಯಾನಿಸ್ಸಿಮೊದಲ್ಲಿ (ಅತಿ ಮೆಲ್ಲನೆಯ ಭಾಗದಲ್ಲಿ) ಬಾಯಿ ಮುಚ್ಚಿ ಗುನುಗಿಸುವ ಆಸೆ ಬರುತ್ತದೆ. ನಮ್ಮ ಚರ್ಚುಗಳ ಸೀಲಿಂಗ್ ಫ್ಯಾನ್ ಕೆಳಗೆ ಅದು ಕೇಳಿಸದು. ಮಾತನ್ನೇ ಮೆಲ್ಲಗೆ ಹಾಡಿಸಿ, ವ್ಯಂಜನಗಳು ಕೊನೆಯ ಬೆಂಚಿನವರೆಗೂ ಮುಟ್ಟುತ್ತವೆ.

13ನೇ ಬಾರ್‌ನಲ್ಲಿರುವುದು ಒಂದೇ ಕಾರ್ಡ್. ಆದ್ದರಿಂದ ಕೊನೆಯ ಸಾಲನ್ನು ‘ನಿನ್ನಾ ನಂಬಿ’ ಎಂದು ನಾಲ್ಕೇ ಅಕ್ಷರಕ್ಕೆ ನಿಲ್ಲಿಸಿ, 12ರ ಕೊನೆಯ ಕ್ರಾಚೆಟ್‌ಗೆ ‘ಆ’, 13ಕ್ಕೆ ‘ಮೆನ್’ ಇಡಿ. ‘ಮೆ’ಯನ್ನು ಪೂರ್ತಿ ಹಿಡಿದು, ನಿರ್ದೇಶಕರ ಕೈ ಮುಚ್ಚಿದಾಗಲೇ ಎಲ್ಲರೂ ‘ನ್’ಗೆ ಬರಬೇಕು.