ಲೆಕ್ಸಿಂಗ್ಟನ್ ಮೈದಾನದಲ್ಲಿ ಏಪ್ರಿಲ್ 19ರ ಬೆಳಗಿನ ಜಾವ

ಅಮೆರಿಕದ ಸ್ವಾತಂತ್ರ್ಯ ಅಂದ ಕೂಡಲೇ ಎಲ್ಲರೂ ಜುಲೈ 4 ಅನ್ನುತ್ತಾರೆ. ಮ್ಯಾಸಚೂಸೆಟ್ಸ್‌ನವರನ್ನು ಕೇಳಿ ನೋಡಿ, ಅವರ ಲೆಕ್ಕವೇ ಬೇರೆ. ಅವರಿಗೆ ದೊಡ್ಡ ದಿನ ಏಪ್ರಿಲ್ 19. 1775ರ ಆ ದಿನ ಲೆಕ್ಸಿಂಗ್ಟನ್ ಮತ್ತು ಕಾಂಕರ್ಡ್ ಅನ್ನೋ ಎರಡು ಸಣ್ಣ ಊರುಗಳಲ್ಲಿ ಬ್ರಿಟಿಷ್ ಸೈನಿಕರಿಗೂ ಊರಿನ ರೈತರಿಗೂ ಗುಂಡಿನ ಕಾಳಗ ನಡೆಯಿತು. ಅಲ್ಲಿಂದ ಶುರುವಾದ ಯುದ್ಧ ಎಂಟು ವರ್ಷ ಎಳೆಯಿತು. ಈ ನೆನಪಿಗೆ ಪೇಟ್ರಿಯಟ್ಸ್ ಡೇ ಅಂತ 1894ರಿಂದ ಇಡೀ ರಾಜ್ಯಕ್ಕೆ ರಜೆ, ಈಗ ಅದು ಏಪ್ರಿಲ್‌ನ ಮೂರನೇ ಸೋಮವಾರ ಬರುತ್ತದೆ. 2025ಕ್ಕೆ ಸರಿಯಾಗಿ 250 ವರ್ಷ ತುಂಬಿತು. ಲೆಕ್ಸಿಂಗ್ಟನ್ ಮೈದಾನದಲ್ಲಿ ಆ ಕಾಳಗವನ್ನು ಬೆಳಗಿನ ಜಾವ ನಾಟಕವಾಗಿ ಆಡಿ ತೋರಿಸುತ್ತಾರೆ, ಅಕ್ಕನ ಮನೆ ಪಕ್ಕದ ಬರ್ಲಿಂಗ್ಟನ್‌ನಲ್ಲೇ ಇರೋದರಿಂದ ಅದನ್ನು ನೋಡೋಕೆ ನಾನೂ ಟಿಕೆಟ್ ಮಾಡಿಸಿಬಿಟ್ಟೆ.

"ಬೆಳಗಿನ ಜಾವ ಮೂರಕ್ಕೇ ಏಳಬೇಕು ಕಣೋ, ಆಗುತ್ತಾ ನಿಂಗೆ?" ಅಂತ ಅಕ್ಕ ಕೇಳಿದಳು. ಬೆಂಗಳೂರಿನಿಂದ ಬಂದವನಿಗೆ ಅಲ್ಲಿ ಮೂರು ಗಂಟೆ ಅಂದರೆ ನಡು ಮಧ್ಯಾಹ್ನ, ಏಳುವ ಪ್ರಶ್ನೆಯೇ ಬರಲಿಲ್ಲ. ನಿದ್ದೆ ಬಂದಿದ್ದರೆ ತಾನೇ.

ಶನಿವಾರ, ಇನ್ನೂ ಕತ್ತಲು. ಲೆಕ್ಸಿಂಗ್ಟನ್ ಮೈದಾನದ ಸುತ್ತ ಹಗ್ಗ ಕಟ್ಟಿದ್ದರು, ಅದರ ಹಿಂದೆ ಜನ ಆಗಲೇ ನಾಲ್ಕೈದು ಸಾಲು ನಿಂತಿದ್ದರು. ನಮ್ಮ ಊರ ತೇರಿನ ದಿನದ ಹಾಗೆ ಮಕ್ಕಳೆಲ್ಲ ಅಪ್ಪಂದಿರ ಹೆಗಲ ಮೇಲೆ. ಥರ್ಮಾಸ್, ಕಂಬಳಿ, ಮಡಚುವ ಕುರ್ಚಿ. ಮೈದಾನ ಅಂದರೆ ತುಂಬಾ ದೊಡ್ಡದೇನಲ್ಲ, ಮೂರು ರಸ್ತೆಗಳ ನಡುವಿನ ತ್ರಿಕೋನದ ಹುಲ್ಲುಜಾಗ. ಪಕ್ಕದಲ್ಲೇ ಹಳದಿ ಬಣ್ಣದ ಬಕ್ಮನ್ ಟ್ಯಾವರ್ನ್ ಇದೆ, ಆಗಿನ ಕಾಲದ ಹೆಂಡದಂಗಡಿ ಮತ್ತು ತಂಗುಮನೆ. ಆ ರಾತ್ರಿ ಊರಿನ ಗಂಡಸರು ಕೋವಿ ಹಿಡಿದು ಕಾದದ್ದು ಇಲ್ಲೇ.

ಕಾದದ್ದು ಯಾಕೆ ಅಂದರೆ, ಬಾಸ್ಟನ್‌ನಲ್ಲಿದ್ದ ಬ್ರಿಟಿಷ್ ಜನರಲ್ ಗೇಜ್, ಊರಿನವರು ಕಾಂಕರ್ಡ್‌ನಲ್ಲಿ ಬಚ್ಚಿಟ್ಟಿದ್ದ ಮದ್ದುಗುಂಡು, ಫಿರಂಗಿಗಳನ್ನು ನಾಶ ಮಾಡಿ ಬನ್ನಿ ಅಂತ ಸುಮಾರು 700 ಸೈನಿಕರನ್ನು ರಾತ್ರೋರಾತ್ರಿ ಕಳಿಸಿದ್ದ. ಈ ಸುದ್ದಿ ಹೊತ್ತು ಪಾಲ್ ರಿವೇರ್ ಮತ್ತು ವಿಲಿಯಂ ಡಾಸ್ ಬೇರೆ ಬೇರೆ ದಾರಿಯಲ್ಲಿ ಕುದುರೆ ಓಡಿಸಿಕೊಂಡು ಬಂದರು. ರಿವೇರ್ ಅಂತೂ ಇಲ್ಲಿ ದೇವರ ಹಾಗೆ, ಎಲ್ಲಿ ನೋಡಿದರೂ ಅವನದೇ ಹೆಸರು. ಆದರೆ ಅವನು ಕಾಂಕರ್ಡ್ ಮುಟ್ಟಲೇ ಇಲ್ಲ! ಲಿಂಕನ್ ಅನ್ನೋ ಊರಿನ ಹತ್ತಿರ ಸಿಕ್ಕಿಬಿದ್ದ. ಸುದ್ದಿ ಮುಟ್ಟಿಸಿದವನು ದಾರಿಯಲ್ಲಿ ಜೊತೆಯಾದ ಸ್ಯಾಮ್ಯುಯೆಲ್ ಪ್ರೆಸ್ಕಾಟ್ ಅನ್ನೋ ಡಾಕ್ಟರ್. ಅವನ ಹೆಸರು ನಮ್ಮಲ್ಲಿ ಯಾರಿಗೆ ಗೊತ್ತು ಹೇಳಿ.

ಐದೂವರೆ ಹೊತ್ತಿಗೆ ಗಂಟೆ ಬಾರಿಸಿತು, ಡ್ರಮ್ ಸದ್ದು ಕೇಳಿತು, ಹಳೇ ಕಾಲದ ಕೋಟು ಟೋಪಿ ಹಾಕಿದ ಗಂಡಸರು ಅಲ್ಲಿಂದ ಇಲ್ಲಿಂದ ಓಡಿ ಬಂದು ಸಾಲಾಗಿ ನಿಂತರು. ನನಗೆ ತುಂಬಾ ಹಿಡಿಸಿದ ವಿಷಯ ಇದು: ಅವರಲ್ಲಿ ಒಬ್ಬೊಬ್ಬರೂ 1775ರಲ್ಲಿ ಅಲ್ಲಿ ನಿಂತಿದ್ದ ಒಬ್ಬೊಬ್ಬ ನಿಜವಾದ ಮನುಷ್ಯನ ಪಾತ್ರ ಮಾಡುತ್ತಾರೆ, ಹೆಸರು ಸಮೇತ. ಅವತ್ತು ನಿಂತಿದ್ದವರು ಸುಮಾರು 77 ಜನ. ಊರಿನ ಜನಸಂಖ್ಯೆಯೇ ಆಗ ಏಳೆಂಟು ನೂರು. ನಾಯಕ ಕ್ಯಾಪ್ಟನ್ ಜಾನ್ ಪಾರ್ಕರ್ ಒಬ್ಬ ರೈತ, ಆಗಲೇ ಕ್ಷಯ ಹತ್ತಿತ್ತು, ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ತೀರಿಕೊಂಡ. ಸಾಲಿನಲ್ಲಿ ನಿಂತವರಲ್ಲಿ ಎಷ್ಟೋ ಜನ ಅವನಿಗೆ ನೆಂಟರೇ. ಸೈನ್ಯ ಅನ್ನೋದಕ್ಕಿಂತ ಊರಿನ ಮನೆಮನೆಯವರು ಅಂದರೆ ಸರಿ.

ಆಮೇಲೆ ರಸ್ತೆ ಕಡೆಯಿಂದ ಕೆಂಪು ಕೋಟಿನ ಬ್ರಿಟಿಷ್ ಸೈನಿಕರು ಬಂದರು. ಒಂದೇ ಹೆಜ್ಜೆ, ಒಂದೇ ಲಯ. ಈ ಕಡೆಯವರ ಗೊಂದಲ ನೋಡಿದ ಮೇಲೆ ಆ ಶಿಸ್ತು ನೋಡಿದರೆ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅದು ನಾಟಕ ಅಂತ ಗೊತ್ತಿದ್ದರೂ. ಅಧಿಕಾರಿ ಕುದುರೆ ಮೇಲಿಂದ ಚದುರಿ ಹೋಗಿ ಅಂತ ಕೂಗಿದ. ಪಾರ್ಕರ್ ಕೂಡ ತನ್ನವರಿಗೆ ಹೊರಡಿ ಅಂತಲೇ ಹೇಳಿದ. ಕೆಲವರು ತಿರುಗಿ ನಡೆಯೋಕೆ ಶುರು ಮಾಡಿದ್ದರು. ಅಷ್ಟರಲ್ಲಿ ಎಲ್ಲಿಂದಲೋ ಒಂದೇ ಒಂದು ಗುಂಡು.

ಆಮೇಲೆ ಕೇಳಬೇಡಿ. ಸಾಲಾಗಿ ಕೋವಿ ಹಾರಿಸಿದರು, ಮೈದಾನದ ತುಂಬಾ ಬಿಳಿ ಹೊಗೆ, ಮದ್ದಿನ ಘಾಟು, ಪುಟ್ಟ ಮಕ್ಕಳ ಅಳು. ಕೆಂಪು ಕೋಟಿನವರು ಬಯೊನೆಟ್ (ಕೋವಿಯ ತುದಿಗೆ ಸಿಕ್ಕಿಸುವ ಚೂರಿ) ಹಿಡಿದು ಓಡಿದರು. ಹೊಗೆ ಇಳಿದಾಗ ಹುಲ್ಲಿನ ಮೇಲೆ ಜನ ಬಿದ್ದಿದ್ದರು, ಸುತ್ತಲಿನಿಂದ ಹೆಂಗಸರು ಕಿರುಚುತ್ತಾ ಅವರ ಹತ್ತಿರ ಓಡಿದರು. ಅಸಲಿ ದಿನ ಊರಿನವರಲ್ಲಿ 8 ಜನ ಸತ್ತರು, 10 ಜನಕ್ಕೆ ಗಾಯ. ಪಾರ್ಕರ್‌ನ ಸಂಬಂಧಿ ಜೋನಸ್ ಪಾರ್ಕರ್ ಕೋವಿಗೆ ಮತ್ತೆ ಮದ್ದು ತುಂಬುತ್ತಿದ್ದಾಗಲೇ ಬಯೊನೆಟ್ ಇರಿತಕ್ಕೆ ಸತ್ತ. ಬ್ರಿಟಿಷರ ಕಡೆ ಒಬ್ಬನಿಗೆ ಸಣ್ಣ ಗಾಯ, ಅಷ್ಟೇ. ಅವರು ಜಯಕಾರ ಹಾಕಿ ಕಾಂಕರ್ಡ್ ಕಡೆ ನಡೆದರು. ಎಲ್ಲಾ ಸೇರಿ ಕೆಲವೇ ನಿಮಿಷ.

"ಮಾಮ, ಫಸ್ಟ್ ಯಾರು ಹೊಡೆದಿದ್ದು?" ಅಂತ ಅಕ್ಕನ ಮಗ. ಎರಡೂ ಕಡೆಯವರು ನಾವಲ್ಲ ಅಂತ ಆಣೆ ಮಾಡಿ ಬರೆದುಕೊಟ್ಟಿದ್ದಾರೆ. 250 ವರ್ಷ ಆದರೂ ಉತ್ತರ ಸಿಕ್ಕಿಲ್ಲ ಪುಟ್ಟಾ ಅಂದೆ. ಅವನಿಗೆ ಸಮಾಧಾನ ಆಗಲಿಲ್ಲ.

ಅಲ್ಲಿ ನಿಂತು ನನಗೆ ಅನ್ನಿಸಿದ್ದು ಬೇರೆ. ಆ 77 ಜನರಲ್ಲಿ ಯಾರೂ ಅವತ್ತು ಸ್ವಾತಂತ್ರ್ಯ ಬೇಕು ಅಂತ ಬಂದು ನಿಂತವರಲ್ಲ. ಇನ್ನೂ ಅವರೆಲ್ಲ ಮೂರನೇ ಜಾರ್ಜ್ ದೊರೆಯ ಪ್ರಜೆಗಳೇ. ಈ ಕಾಳಗ ಆದ ಮೇಲೂ, ಜುಲೈನಲ್ಲಿ, ಅವರ ಮುಖಂಡರು ದೊರೆಗೆ ಸಂಧಾನದ ಅರ್ಜಿ ಬರೆದರು. ಬೇರೆ ದೇಶ ಆಗ್ತೀವಿ ಅನ್ನೋ ಘೋಷಣೆ ಬಂದದ್ದು ಒಂದು ವರ್ಷದ ಮೇಲೆ. ನಮ್ಮೂರಿಗೆ ಕೇಳದೆ ಸೈನ್ಯ ನುಗ್ಗಬಾರದು, ನಮ್ಮನ್ನು ಕೇಳದೆ ತೆರಿಗೆ ಹಾಕಬಾರದು, ಇಷ್ಟೇ ಅವರ ತಕರಾರು. ಈಗ ಭಾಷಣ ಮಾಡುವವರು ಮಾತ್ರ ಅವರಿಗೆ ಎಲ್ಲಾ ಮೊದಲೇ ಗೊತ್ತಿತ್ತು ಅನ್ನೋ ಥರ ಮಾತಾಡ್ತಾರೆ.

ಬಕ್ಮನ್ ಟ್ಯಾವರ್ನ್ ಎದುರು ಒಂದು ಕಲ್ಲಿದೆ, ತಪ್ಪದೇ ನೋಡಿ. ಪ್ರಿನ್ಸ್ ಎಸ್ಟಾಬ್ರೂಕ್ ಅನ್ನೋ ಕಪ್ಪು ಮನುಷ್ಯನ ಹೆಸರಿನಲ್ಲಿ ನಿಲ್ಲಿಸಿದ್ದು. ಅವನು ಆಗ ಗುಲಾಮ. ಅವನೂ ಆ ಸಾಲಿನಲ್ಲಿ ನಿಂತಿದ್ದ, ಗುಂಡೇಟು ತಿಂದ, ಆಮೇಲೆ ಯುದ್ಧದಲ್ಲೂ ಹೋರಾಡಿದ. ಅವನಿಗೆ ಬಿಡುಗಡೆ ಸಿಕ್ಕಿದ್ದು ಯುದ್ಧ ಮುಗಿಯುವ ಹೊತ್ತಿಗೆ. ಬಹಳ ಜನ ಆ ಕಲ್ಲನ್ನು ದಾಟಿಕೊಂಡೇ ಪ್ಯಾನ್‌ಕೇಕ್ ತಿನ್ನಲು ಹೋಗುತ್ತಿದ್ದರು. ನಾವೂ ಹೋದೆವು ಬಿಡಿ. ಕಾಳಗ ನೋಡಿ ಪ್ಯಾನ್‌ಕೇಕ್ ತಿನ್ನೋದು ಇಲ್ಲಿನ ಪದ್ಧತಿ, ಚರ್ಚುಗಳಲ್ಲಿ ಬಡಿಸುತ್ತಾರೆ.

ಕಾಂಕರ್ಡ್‌ಗೆ ಹೋಗುವ ದಾರಿ ಪೂರ್ತಿ ಕಾರುಗಳು. ಅಲ್ಲಿನ ನಾರ್ತ್ ಬ್ರಿಡ್ಜ್ ಸಣ್ಣ ಮರದ ಸೇತುವೆ, ಕೆಳಗೆ ಕಾಂಕರ್ಡ್ ನದಿ ನಿಧಾನಕ್ಕೆ ಹರಿಯುತ್ತದೆ. ಈಗಿರೋದು 1956ರಲ್ಲಿ ಹಳೆಯದರ ಹಾಗೇ ಕಟ್ಟಿದ ಸೇತುವೆ. ಅವತ್ತು ಬೆಟ್ಟದ ಮೇಲೆ ಊರಿನವರ ಕಡೆಯ ಸುಮಾರು 400 ಜನ ಸೇರಿದ್ದರು. ಊರಿನಿಂದ ಹೊಗೆ ಏಳೋದು ಕಾಣಿಸಿತು. ಸೈನಿಕರು ಸುಡುತ್ತಿದ್ದದ್ದು ಫಿರಂಗಿಯ ಮರದ ಬಂಡಿ ಮುಂತಾದ ಸಾಮಾನು. ಸೈನಿಕರು ಊರಿಗೇ ಬೆಂಕಿ ಇಟ್ಟರು ಅಂದುಕೊಂಡು ಬೆಟ್ಟದ ಮೇಲಿದ್ದವರು ಇಳಿದು ಬಂದರು. ಸೈನಿಕರು ಮೊದಲು ಹೊಡೆದರು, ಪಕ್ಕದ ಆ್ಯಕ್ಟನ್ ಊರಿನ ಕ್ಯಾಪ್ಟನ್ ಐಸಾಕ್ ಡೇವಿಸ್ ಅಲ್ಲೇ ಬಿದ್ದ. ಊರಿನವರ ಕಡೆಯ ಮೇಜರ್ ಬಟ್ರಿಕ್ ಹೊಡೀರಿ ಅಂದ. ಊರಿನವರು ಆಜ್ಞೆಯ ಮೇಲೆ ದೊರೆಯ ಸೈನ್ಯಕ್ಕೆ ತಿರುಗಿ ಗುಂಡು ಹಾರಿಸಿದ್ದು ಇಲ್ಲಿ, ಅದಕ್ಕೇ ನಿಜವಾದ ಶುರು ನಮ್ಮೂರಲ್ಲಿ ಅಂತ ಕಾಂಕರ್ಡ್‌ನವರ ವಾದ. ಮೊದಲು ರಕ್ತ ಬಿದ್ದದ್ದು ನಮ್ಮೂರಲ್ಲಿ ಅಂತ ಲೆಕ್ಸಿಂಗ್ಟನ್‌ನವರು. ಈ ಜಗಳ ಇನ್ನೂರು ವರ್ಷದಿಂದ ನಡೆದಿದೆ, ಎರಡೂ ಕಡೆ ಒಂದೊಂದು ಪ್ರತಿಮೆ. ನನ್ನ ಓಟು ಕಾಂಕರ್ಡ್‌ನದಕ್ಕೆ. ಒಂದು ಕೈಯಲ್ಲಿ ಕೋವಿ, ಇನ್ನೊಂದು ಕೈ ನೇಗಿಲಿನ ಮೇಲೆ. 1875ರಲ್ಲಿ ಅನಾವರಣವಾದ ಇದನ್ನು ಮಾಡಿದ ಡೇನಿಯಲ್ ಚೆಸ್ಟರ್ ಫ್ರೆಂಚ್‌ಗೆ ಆಗಿನ್ನೂ 25 ತುಂಬಿರಲಿಲ್ಲ, ಮುಂದೆ ವಾಷಿಂಗ್ಟನ್‌ನ ಲಿಂಕನ್ ಪ್ರತಿಮೆ ಮಾಡಿದವನೂ ಅವನೇ.

ಸೇತುವೆಯ ಈಚೆ ಕಲ್ಲಿನ ಗೋಡೆ ಪಕ್ಕ ಅಲ್ಲಿ ಸತ್ತ ಬ್ರಿಟಿಷ್ ಸೈನಿಕರ ಸಮಾಧಿ ಇದೆ. ಅದರ ಮುಂದೆ ಪುಟ್ಟ ಬ್ರಿಟಿಷ್ ಬಾವುಟಗಳು! ಭಾವ ಸ್ವಲ್ಪ ಹೊತ್ತು ಅಲ್ಲೇ ನಿಂತರು. ಅವರು ಮಂಡ್ಯ ಕಡೆಯವರು, ಶ್ರೀರಂಗಪಟ್ಟಣದ ಸುತ್ತ ಆಡಿ ಬೆಳೆದವರು. "ಈ ಯುದ್ಧದಲ್ಲಿ ಕೊನೆಗೆ ಸೋತು ಶರಣಾದವನು ಯಾರು ಗೊತ್ತಲ್ಲ?" ಅಂದರು. ಕಾರ್ನ್‌ವಾಲಿಸ್. 1781ರಲ್ಲಿ ಯಾರ್ಕ್‌ಟೌನ್‌ನಲ್ಲಿ ಇಲ್ಲಿ ಸೋತ, ಆಮೇಲೆ ಗವರ್ನರ್ ಜನರಲ್ ಆಗಿ ನಮ್ಮ ಕಡೆ ಬಂದ, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿ ಟಿಪ್ಪುವಿನ ಇಬ್ಬರು ಮಕ್ಕಳನ್ನು ಒತ್ತೆ ಇಟ್ಟುಕೊಂಡ. ಇನ್ನೊಂದು ವಿಷಯ ಕೇಳಿ: ಈ ಯುದ್ಧದ ಕಾಲದಲ್ಲೇ ಪೆನ್ಸಿಲ್ವೇನಿಯಾದವರು ತಮ್ಮ ಒಂದು ಯುದ್ಧದ ಹಡಗಿಗೆ ನಮ್ಮ ಹೈದರ್ ಅಲಿಯ ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಅದು ಡೆಲಾವೇರ್ ಕೊಲ್ಲಿಯಲ್ಲಿ ಜನರಲ್ ಮಂಕ್ ಅನ್ನೋ ಬ್ರಿಟಿಷ್ ಹಡಗನ್ನು ಹಿಡಿಯಿತು. ಶತ್ರುವಿನ ಶತ್ರು ಮಿತ್ರ, ಅಲ್ವಾ.

ಬ್ರಿಟಿಷರಿಗೆ ಅಸಲಿ ಏಟು ಬಿದ್ದದ್ದು ವಾಪಸ್ ಹೋಗುವ ದಾರಿಯಲ್ಲಿ. ಈಗ ಅದೇ ದಾರಿಯಲ್ಲಿ ಬ್ಯಾಟಲ್ ರೋಡ್ ಅಂತ ಸುಮಾರು 8 ಕಿ.ಮೀ. ಕಾಲುದಾರಿ ಇದೆ. ಎರಡೂ ಬದಿ ಕಲ್ಲಿನ ಮೋಟುಗೋಡೆ, ಕಾಡು, ಗದ್ದೆಯಂಥ ಜೌಗು. ಮೂಲೆ ಮೂಲೆಯ ಊರುಗಳಿಂದ ಬಂದವರು ಗೋಡೆ, ಮರದ ಹಿಂದಿನಿಂದ ಹೊಡೆಯುತ್ತಲೇ ಹೋದರು. ಮಧ್ಯಾಹ್ನ ಲೆಕ್ಸಿಂಗ್ಟನ್‌ನಲ್ಲಿ ಪರ್ಸಿ ಅನ್ನೋ ಬ್ರಿಟಿಷ್ ಅಧಿಕಾರಿ ಸುಮಾರು ಸಾವಿರ ಜನ ಮತ್ತು ಎರಡು ಫಿರಂಗಿ ತಂದು ಕೂಡಿಕೊಳ್ಳದಿದ್ದರೆ ಅವರ ಕಥೆ ಅಲ್ಲೇ ಮುಗಿಯುತ್ತಿತ್ತು. ದಿನದ ಕೊನೆಗೆ ಬ್ರಿಟಿಷರ ಕಡೆ 73 ಸಾವು, ಈ ಕಡೆ 49. ಆ ಸೈನಿಕರು ರಾತ್ರಿಯಿಂದ ರಾತ್ರಿಗೆ ಸುಮಾರು 60 ಕಿ.ಮೀ. ನಡೆದಿದ್ದರು. ನಾವು ಒಂದು ತುಂಡು ದಾರಿ ನಡೆದು, ಹಾರ್ಟ್‌ವೆಲ್ ಟ್ಯಾವರ್ನ್ ಹತ್ತಿರ ಅಕ್ಕ ಕಟ್ಟಿ ತಂದಿದ್ದ ಚಿತ್ರಾನ್ನ ತಿಂದು, ಕಾರಿಗೆ ವಾಪಸ್.

ಜಾಸ್ತಿ ಜನ ಹೋಗದ ಒಂದು ಜಾಗ ಆರ್ಲಿಂಗ್ಟನ್‌ನ ಜೇಸನ್ ರಸಲ್ ಮನೆ. ಆಗ ಆ ಊರಿನ ಹೆಸರು ಮೆನಾಟಮಿ, ಅವತ್ತಿನ ಅತಿ ಘೋರ ಕಾಳಗ ನಡೆದದ್ದು ಅಲ್ಲೇ. ಕುಂಟುತ್ತಿದ್ದ ರಸಲ್ ತನ್ನ ಮನೆ ಬಾಗಿಲಲ್ಲೇ ಸತ್ತ. ಅವನನ್ನೂ ಇನ್ನೂ 11 ಜನರನ್ನೂ ಒಂದೇ ಗುಂಡಿಯಲ್ಲಿ ಹೂಳಿದರು. ಮನೆಯಲ್ಲಿ ಗುಂಡಿನ ತೂತುಗಳು ಇನ್ನೂ ಹಾಗೇ ಇವೆ. ಬೆಳಿಗ್ಗೆಯ ನಾಟಕಕ್ಕಿಂತ ಆ ತೂತುಗಳೇ ನನಗೆ ಜಾಸ್ತಿ ತಟ್ಟಿದವು. ಮನೆ ಎಲ್ಲಾ ದಿನ ತೆರೆದಿರಲ್ಲ, ಮೊದಲೇ ವಿಚಾರಿಸಿಕೊಂಡು ಹೋಗಿ.

ಹೋಗುವವರಿಗೆ ಇನ್ನೊಂದು ಮಾತು. ಲೆಕ್ಸಿಂಗ್ಟನ್ ನಾಟಕ ಸಾಮಾನ್ಯವಾಗಿ ಪೇಟ್ರಿಯಟ್ಸ್ ಡೇ ಸೋಮವಾರ ಬೆಳಿಗ್ಗೆ ಇರುತ್ತದೆ, ನೋಡೋಕೆ ದುಡ್ಡಿಲ್ಲ, ನಾಲ್ಕಕ್ಕೇ ಅಲ್ಲಿರಿ, ಜರ್ಕಿನ್ ಮರೀಬೇಡಿ. ಅದೇ ದಿನ ಬಾಸ್ಟನ್ ಮ್ಯಾರಥಾನ್ ಕೂಡ ಇರುತ್ತದೆ, 1897ರಿಂದ ನಡೆದು ಬಂದದ್ದು. ಎರಡನ್ನೂ ಒಂದೇ ದಿನ ನೋಡ್ತೀನಿ ಅನ್ನೋರು ಕಾರು ಮರೆತು ರೈಲು ಹಿಡಿಯೋದೇ ವಾಸಿ.