ಕಣ್ಣಿನ ಅಳತೆ, ಕೋಣೆಯ ಅಳತೆ: ವಿಆರ್ ಹೆಡ್‌ಸೆಟ್ ಆಯ್ಕೆಯ ದಿನಚರಿ

ಜೂನ್, ಮೊದಲ ವಾರ

ಹಾಸನದ ಗೆಳೆಯನ ಮನೆಯಲ್ಲಿ ಕ್ವೆಸ್ಟ್ 2 ಎಂಬ ವಿಆರ್ ಹೆಡ್‌ಸೆಟ್ (ಕಣ್ಣಿಗೆ ಕಟ್ಟಿಕೊಂಡು ಸುತ್ತಲೂ ಕೃತಕ ಲೋಕ ಕಾಣುವ ಸಾಧನ) ಧರಿಸಿ ಒಂದು ಗಂಟೆ ಆಡಿದ ಮೇಲೆ, ಚಿಕ್ಕಮಗಳೂರಿನ ನಮ್ಮ ಮನೆಗೂ ಒಂದು ಹೆಡ್‌ಸೆಟ್ ತರಬೇಕೆಂಬ ನಿರ್ಧಾರ ಗಟ್ಟಿಯಾಯಿತು. ಆದರೆ ಬೇಲೂರು ದಾಟುವವರೆಗೂ ಕಣ್ಣಿನ ಹಿಂದೆ ನೋವು ಕುಳಿತೇ ಇತ್ತು. ಮಸೂರಗಳನ್ನು ಎರಡನೆಯ ಸ್ಥಾನಕ್ಕೆ ಸರಿಸಿದರೂ ಮೂರನೆಯದಕ್ಕೆ ಸರಿಸಿದರೂ ಮೆನುವಿನ ಅಕ್ಷರಗಳು ತಿಳಿಯಾಗಿ ಕಾಣಲಿಲ್ಲ.

ಜೂನ್, ಮೂರನೆಯ ವಾರ

ಕನ್ನಡಕದ ಅಂಗಡಿಯಲ್ಲಿ ಎರಡು ಪಾಪೆಗಳ ನಡುವಿನ ಅಂತರವನ್ನು ಅಳೆಯಿಸಿದೆ: 65.5 ಮಿಲಿಮೀಟರ್. ನೋವಿನ ಕಾರಣ ಅಲ್ಲಿಯೇ ಸಿಕ್ಕಿತು. ಕ್ವೆಸ್ಟ್ 2ರಲ್ಲಿ ಮಸೂರಗಳು ನಿಲ್ಲುವುದು 58, 63 ಮತ್ತು 68 ಮಿಲಿಮೀಟರ್ ಎಂಬ ಮೂರೇ ಸ್ಥಾನಗಳಲ್ಲಿ; ನನ್ನ ಕಣ್ಣುಗಳು ಕೊನೆಯ ಎರಡರ ನಟ್ಟನಡುವೆ ಬೀಳುತ್ತವೆ. 2024ರಲ್ಲಿ ಬಂದ ಕ್ವೆಸ್ಟ್ 3ಎಸ್ ಬೆಲೆಯಲ್ಲಿ ಹಗುರವಾದರೂ ಅದರಲ್ಲಿಯೂ ಇವೇ ಮೂರು ಸ್ಥಾನಗಳು, ಪ್ರತಿ ಕಣ್ಣಿಗೆ ಅದೇ 1832×1920 ಪಿಕ್ಸೆಲ್‌ಗಳು, ಅದೇ ಫ್ರೆನೆಲ್ ಮಸೂರ. ಫ್ರೆನೆಲ್ ಮಸೂರದ ಮೈಮೇಲೆ ಉಂಗುರದಂಥ ಗೀರುಗಳಿರುವುದರಿಂದ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ಬಂದರೆ ಬೆಳಕು ಚೆದರುತ್ತದೆ, ನೋಟವು ನಡುವಿನಿಂದ ಸ್ವಲ್ಪ ಜಾರಿದರೂ ಅಂಚು ಮಸುಕಾಗುತ್ತದೆ. 2023ರ ಕ್ವೆಸ್ಟ್ 3ರಲ್ಲಿ ಇರುವುದು ಬೆಳಕನ್ನು ತನ್ನೊಳಗೇ ಮಡಿಸಿ ಕಳಿಸುವ ಪ್ಯಾನ್‌ಕೇಕ್ ಮಸೂರ, 2064×2208 ಪಿಕ್ಸೆಲ್‌ಗಳು, ಮತ್ತು ನನಗೆ ಎಲ್ಲಕ್ಕಿಂತ ಮುಖ್ಯವಾದ, ಅಂತರವನ್ನು ನಯವಾಗಿ ಹೊಂದಿಸುವ ಚಕ್ರ. ತೂಕದಲ್ಲಿ ಕ್ವೆಸ್ಟ್ 3ಕ್ಕೂ 3ಎಸ್‌ಗೂ ವ್ಯತ್ಯಾಸವಿಲ್ಲವೆಂದೇ ಹೇಳಬೇಕು.

ಪ್ಲೇಸ್ಟೇಷನ್ ವಿಆರ್2ರ ಓಲೆಡ್ ಪರದೆಯ ಗಾಢ ಕಪ್ಪು ನನಗೆ ಬಹಳ ಇಷ್ಟ, ಆದರೆ ಮನೆಯಲ್ಲಿ ಅದನ್ನು ಜೋಡಿಸಲು ಪಿಎಸ್5 ಎಂಬ ಆಟದ ಯಂತ್ರ ಇಲ್ಲದ್ದರಿಂದ ಅದನ್ನು ಕೈಬಿಟ್ಟೆ.

ಜುಲೈ

ಮಳೆ ಹಿಡಿದ ಮೇಲೆ ಕೋಣೆಯ ಕಡೆ ಗಮನ ಕೊಟ್ಟೆ. ನಡೆದಾಡಿ ಆಡಲು ಸುಮಾರು ಎರಡು ಮೀಟರ್ ಉದ್ದಗಲದ ತೆರವಾದ ಜಾಗ ಬೇಕು. ನಮ್ಮ ಹಂಚಿನ ಮನೆಯ ನಡುಮನೆಯಲ್ಲಿ ಅಷ್ಟು ಜಾಗವೇನೋ ಇದೆ, ಆದರೆ ಕೈ ಮೇಲೆತ್ತಿದರೆ ತೊಲೆ ತಾಗುತ್ತದೆ. ಹಾಗಾಗಿ ಗಾರೆ ನೆಲದ ಮೇಲೆ ಸೀಮೆಸುಣ್ಣದಿಂದ ಚೌಕ ಬರೆದು, ಆಡುವಾಗ ಹಿಡಿಯುವ ನಿಯಂತ್ರಕದ ಬದಲಿಗೆ ಕೈಯಲ್ಲಿ ಮುಷ್ಟಿಯಷ್ಟು ಉದ್ದದ ಕೋಲು ಹಿಡಿದು ಎಲ್ಲ ದಿಕ್ಕಿಗೂ ಚಾಚಿ ನೋಡಿ, ಚೌಕವನ್ನು ಬಾಗಿಲ ಕಡೆಗೆ ಒಂದೂವರೆ ಅಡಿ ಸರಿಸಿದೆ. ಹೆಡ್‌ಸೆಟ್ಟಿನ ಕ್ಯಾಮೆರಾಗಳು ಗೋಡೆಯ ಮೇಲಿನ ಗುರುತುಗಳನ್ನು ನೋಡುತ್ತಲೇ ತಾನೆಲ್ಲಿದ್ದೇನೆಂದು ಲೆಕ್ಕ ಹಾಕುವುದರಿಂದ, ಬೋಳಾಗಿದ್ದ ಸುಣ್ಣದ ಗೋಡೆಗೆ ಎರಡು ಹಳೆಯ ಕ್ಯಾಲೆಂಡರ್ ತೂಗುಹಾಕಿದೆ, ಕನ್ನಡಿಗೆ ಬಟ್ಟೆ ಹೊದಿಸಿದೆ. ಮೋಡ ಕವಿದ ಮಧ್ಯಾಹ್ನಗಳಿಗಾಗಿ ಒಂದು ಬಲ್ಬನ್ನೂ ಹೆಚ್ಚಿಗೆ ಹಾಕಿದೆ.

ನಾನು ಕಡೆಯವರೆಗೂ ಗಮನಿಸದಿದ್ದದ್ದು ಗಾಜಿನ ಹಂಚು. ಮಳೆ ಬಿಟ್ಟ ಒಂದು ಬೆಳಿಗ್ಗೆ ಅದರಿಂದ ಇಳಿದ ಬಿಸಿಲಕೋಲು ನೇರವಾಗಿ ಮೇಜಿನ ಮೇಲೆ, ನಾನು ಹೆಡ್‌ಸೆಟ್ ಇಡಬೇಕೆಂದುಕೊಂಡಿದ್ದ ಜಾಗದಲ್ಲಿಯೇ ಬಿದ್ದಿತ್ತು. ಬಿಸಿಲು ಮಸೂರದ ಮೂಲಕ ಹಾದರೆ ಭೂತಗನ್ನಡಿಯ ಕೆಳಗಿನ ಕಾಗದದಂತೆ ಒಳಗಿನ ಪರದೆ ಸುಡುತ್ತದೆ, ಆ ಕಲೆ ಮತ್ತೆ ಹೋಗುವುದಿಲ್ಲ. ಮೇಜನ್ನು ಅಂದೇ ಸರಿಸಿದೆ. ಹೆಡ್‌ಸೆಟ್ಟಿಗೆಂದು ಬಿಗಿ ಮುಚ್ಚಳದ ಡಬ್ಬಿಯೊಂದನ್ನು ತಂದು ಸಿಲಿಕಾ ಜೆಲ್ ಪೊಟ್ಟಣಗಳನ್ನು ಹಾಕಿಟ್ಟೆ. ನಮ್ಮ ಮಳೆಗಾಲದಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಮಸೂರಕ್ಕೆ ಹಿಡಿಯುವ ಬೂಷ್ಟಿನ ವಿಷಯ ಹೇಳಿಕೊಡಬೇಕಾಗಿಲ್ಲ.

ಆಗಸ್ಟ್

ಕ್ವೆಸ್ಟ್ 3 ಬಂದಿತು. ಚಕ್ರವನ್ನು ಮೆಲ್ಲಗೆ ತಿರುಗಿಸುತ್ತ ಪರದೆಯ ಮೇಲೆ 66 ಎಂದು ಮೂಡುವ ಹೊತ್ತಿಗೆ ಮೆನುವಿನ ಅತಿ ಸಣ್ಣ ಸಾಲೂ ಅಂಚಿನವರೆಗೆ ತಿಳಿಯಾಗಿ ಓದಲು ಬಂತು, ಮತ್ತು ಆ ಸಂಜೆ ನಲವತ್ತು ನಿಮಿಷ ಆಡಿದರೂ ಕಣ್ಣು ನೋಯಲಿಲ್ಲ. ನಿಂತಲ್ಲೇ ನಿಂತು ನಿಯಂತ್ರಕದ ಜಾಯ್‌ಸ್ಟಿಕ್‌ನಿಂದ ನಡೆಸುವ ಆಟಗಳಲ್ಲಿ ಮಾತ್ರ ಚಾರ್ಮಾಡಿ ಘಾಟಿಯ ತಿರುವುಗಳಲ್ಲಿ ಆಗುವಂತೆ ಹೊಟ್ಟೆ ತೊಳಸುತ್ತದೆ. ಕಣ್ಣು ಚಲನೆಯನ್ನು ಕಂಡರೂ ಒಳಕಿವಿಗೆ ಅದು ತಿಳಿಯದಿರುವುದೇ ಇದಕ್ಕೆ ಕಾರಣ. ಈಗ ದಿನಕ್ಕೆ ಹತ್ತು ನಿಮಿಷದಂತೆ ಅಭ್ಯಾಸ ಮಾಡುತ್ತಿದ್ದೇನೆ.